ಕ್ಲಚ್ ಇಲ್ಲದ ಕಾರು, ಎಡಗಾಲಿನ ಚಿಂತೆ

ಅರವತ್ತರ ದಶಕದ ಮೊದಮೊದಲ ವರ್ಷಗಳು. ಸವಣೂರಿನ ಸಾಹುಕಾರರೊಬ್ಬರ ಜೀಪು ಓಡಿಸುತ್ತಿದ್ದೆ. ಹಿಂದಿನ ಸುಗ್ಗಿಯಲ್ಲಿ ಅಕ್ಕಿಆಲೂರಿನ ಗಿರಣಿ ಮುಂದೆ ಅಕ್ಕಿಚೀಲ ಜಾರಿ ನನ್ನ ಎಡಪಾದದ ಮೇಲೆ ಬಿದ್ದಿತ್ತು. ಎಲುಬು ಕೂಡಿತು, ನೋವು ಹೋಗಲಿಲ್ಲ. ಕ್ಲಚ್ ಒತ್ತಿದಾಗಲೆಲ್ಲ ಹಲ್ಲು ಕಚ್ಚಬೇಕು. ಕಾಲು ಕೆಟ್ಟ ಡ್ರೈವರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಹೆಂಡತಿಗೂ "ಚಪ್ಪಲಿ ಕಚ್ಚೈತಿ" ಎಂದಷ್ಟೇ ಹೇಳಿದ್ದೆ.

ಅಂಥದರಲ್ಲಿ ಸಾಹುಕಾರರು ಮುಂಬಯಿಯಿಂದ ಹಳೆಯ ಪರದೇಶಿ ಕಾರೊಂದನ್ನು ತರಿಸಿದರು. ಬಗ್ಗಿ ನೋಡಿದರೆ ಎರಡೇ ಪೆಡಲು, ಕ್ಲಚ್ಚೇ ಇಲ್ಲ. ಗೇರು ತಾನಾಗಿಯೇ ಬದಲಾಗುತ್ತದಂತೆ!

ಸ್ಟ್ಯಾಂಡಿನ ಡ್ರೈವರುಗಳೆಲ್ಲ ಬಂದು ಮುತ್ತಿದರು.

"ಮೂರನೇದ್ದು ಮುಂಬಯಿದಾಗ ಬಿಚ್ಕೊಂಡಾರ ನೋಡ್ರಿ," ಎಂದ ಲಾರಿಯವನು.

ಹಿರಿಯ ಬಸ್ ಡ್ರೈವರೊಬ್ಬರು ಒಂದು ಸುತ್ತು ಓಡಿಸಿ, ಮುಖ ಹುಳ್ಳಗೆ ಮಾಡಿಕೊಂಡು ಇಳಿದರು. "ಇಂಜಿನ್ ಒಂದ ಸವನ ಗೊಂಯ್ ಅಂತೈತಿ. ಯಾವ ಗೇರಿನ್ಯಾಗ ಅದೇನಿ ಅನ್ನೂದ ತಿಳ್ಯಾಂಗಿಲ್ಲ. ಕೈಗೆ ಕೆಲಸಿಲ್ಲ, ಎಡಗಾಲಿಗೆ ಕೆಲಸಿಲ್ಲ. ಇದಕ್ಕ ಡ್ರೈವರ್ ಯಾಕ ಬೇಕೋ?"

ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಎಡಗಾಲಿಗೆ ಕೆಲಸವಿಲ್ಲ ಎಂಬ ಮಾತಿಗೆ ಒಳಗೊಳಗೇ ಕೈ ಮುಗಿದಿದ್ದೆ.

ಮರುದಿನ ಮುಂಜಾನೆ ಸಾಹುಕಾರರನ್ನೂ ಅವರ ತಾಯಿಯನ್ನೂ ಕೂರಿಸಿಕೊಂಡು ಹಿರೇಕೆರೂರಿನ ಬೀಗರ ಮನೆಗೆ ಹೊರಟೆ. ಶಿಗ್ಗಾಂವಿ ದಾಟಿದ ಮೇಲೆ ಎತ್ತಿನ ಚಕ್ಕಡಿಯೊಂದು ಅಡ್ಡ ಬಂತು. ವೇಗ ತಗ್ಗಿಸಬೇಕೆನ್ನುವಷ್ಟರಲ್ಲಿ, ಹತ್ತಾರು ವರ್ಷಗಳ ರೂಢಿಯಲ್ಲವೇ, ಎಡಗಾಲು ತಾನೇ ಎದ್ದು ಇಲ್ಲದ ಕ್ಲಚ್ಚನ್ನು ಒದೆಯಿತು. ಸಿಕ್ಕಿದ್ದು ಅಗಲವಾದ ಬ್ರೇಕು. ಕಾರು ಗಕ್ಕನೆ ನಿಂತು, ಸಾಹುಕಾರರ ರುಮಾಲು ಮುಂದಿನ ಸೀಟಿಗೆ ಬಂದು ಬಿತ್ತು. ಹಾನಗಲ್ಲು ಬರುವಷ್ಟರಲ್ಲಿ ಮೂರು ಸಲ ಹೀಗಾಯಿತು. ಮೂರನೆಯ ಸಲ ನೋವು ತಡೆಯದೆ ಎಡಪಾದ ಹಿಡಿದುಕೊಂಡು "ಯವ್ವಾ!" ಎಂದು ಚೀರಿಬಿಟ್ಟೆ.

"ಕಾಲಿಗೆ ಏನಾಗೇತೋ?" ಎಂದರು ಸಾಹುಕಾರರು.

ಇನ್ನು ಮುಚ್ಚಿಡುವುದೆಲ್ಲಿ! "ಅಕ್ಕಿಚೀಲ ಬಿದ್ದಿತ್ರಿ. ವರ್ಷಾತು. ಕ್ಲಚ್ ತುಳಿಯಾಕ ಆಗವಲ್ದರಿ."

ಸಾಹುಕಾರರು ಕೈ ಚಾಚಿ ರುಮಾಲು ಎತ್ತಿಕೊಂಡು ಮತ್ತೆ ಸುತ್ತಿಕೊಳ್ಳತೊಡಗಿದರು. ನನ್ನ ಅನ್ನ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಆಗ ಮುದುಕಮ್ಮ ಬಾಯಿ ತೆರೆದರು. "ತುಳಿಯೂ ಕೆಲಸ ಇಲ್ಲಂದ್ರ ಆ ಕಾಲು ಕೆಳಗ್ಯಾಕ ಬಿಟ್ಟೀಯೋ ಯಪ್ಪಾ? ಚಕ್ಕಡಿ ಹೊಡಿಯಾವ್ರಂಗ ಮಡಚಿ ಕುಂಡ್ರು. ನನ್ನ ಸ್ವಂಟಾದ್ರೂ ಉಳೀತೈತಿ."

ಮಡಚಿ ಕುಳಿತೆ. ಸೀಟು ಜಗಲಿಯಷ್ಟು ಅಗಲ. ಅಲ್ಲಿಂದ ಮುಂದೆ ಒಂದು ಕುಲುಕೂ ಇಲ್ಲ. ಏರು ಬಂದರೂ ಕಾರು ತನ್ನ ಪಾಡಿಗೆ ತಾನು ಹತ್ತಿತು. ಮುದುಕಮ್ಮ ಗೊರಕೆ ಹೊಡೆಯತೊಡಗಿದರು.

ಹಿರೇಕೆರೂರಿನಲ್ಲಿ ಇಳಿಯುತ್ತ ಸಾಹುಕಾರರು, "ಜೀಪಿಗೆ ಬ್ಯಾರೇದಾವನ್ನ ನೋಡ್ತೇನಿ," ಎಂದರು. ನಾನು ಚಾಚಿದ ಕೀಲಿಕೈಯನ್ನು ಹಿಂದಕ್ಕೆ ತಳ್ಳಿದರು. "ನೀ ಇದನ್ನ ನಡಸು. ಆದ್ರ ಬೀಗರು ನೋಡಾಕತ್ತಾರ, ಕಾಲು ಕೆಳಗ ಬಿಡಪಾ."

ಬೀಗರ ಮನೆಯಲ್ಲಿ ಮೂರು ರೊಟ್ಟಿ ಉಂಡು, ಪಡಸಾಲೆಯಲ್ಲಿ ಎಡಗಾಲು ಚಾಚಿ ಮಲಗಿದೆ. ಹೊರಡುವ ಹೊತ್ತಿಗೆ ಸಾಹುಕಾರರೇ ಬಂದು ಅಲುಗಾಡಿಸಿ ಎಬ್ಬಿಸಬೇಕಾಯಿತು.