ಹೊಸ್ತಿಲ ಮೇಲಿನ ಒಡಪು

ಮುರುಮ ಎಂಬ ಊರಿನ ಪ್ರಯಾಗಬಾಯಿಗೆ ಒಂದೇ ಕಸುಬು, ಮಂದಿಯ ಗಂಡಂದಿರ ಹೆಸರಿಗೆ ಪ್ರಾಸ ಹುಡುಕುವುದು. ಹೊಸ ಸೊಸೆ ಗಂಡನ ಹೆಸರನ್ನು ಒಡಪಿನಲ್ಲಿ ಕಟ್ಟಿ ಹೇಳದೆ ಹೊಸ್ತಿಲು ದಾಟುವಂತಿಲ್ಲ. ಹಾಗಾಗಿ ಸುತ್ತಿನ ಊರುಗಳ ಮದುವಣಗಿತ್ತಿಯರೆಲ್ಲ ಮೊದಲು ಈ ಮುದುಕಿಯ ಕಟ್ಟೆಗೆ ಬರುತ್ತಿದ್ದರು. ಯಾರಿಗೆ ಯಾವ ಒಡಪು ಕೊಟ್ಟೆನೆಂಬುದನ್ನು ಆಕೆ ಎಂದೂ ಮರೆಯುತ್ತಿರಲಿಲ್ಲ.

ಆಮೇಲೆ ಗಾಳಿ ತಿರುಗಿತು. ನಿಜಾಮನ ಕಚೇರಿಗೆ ಉರ್ದು ಬೇಕಿತ್ತು, ಅದು ಗಂಡಸರ ತಲೆನೋವು. ಪೇಟೆಯ ಹೆಂಗಸರಿಗೆ ಮಾತ್ರ ಮರಾಠಿಯ ಹುಚ್ಚು ಹಿಡಿಯಿತು. ಕೊರಳಿನ ಲಿಂಗ ಅದೇ, ಹಣೆಯ ವಿಭೂತಿ ಅದೇ, ತಿನ್ನುವ ರೊಟ್ಟಿಯೂ ಅದೇ. ರೊಟ್ಟಿಯನ್ನು ಭಾಕರಿ ಎಂದುಬಿಟ್ಟರೆ ದೊಡ್ಡಸ್ತಿಕೆ! ನನಗಂತೂ ಇಂಥವರನ್ನು ಕಂಡರೆ ಮೈಯುರಿಯುತ್ತದೆ. ಪ್ರಯಾಗಬಾಯಿಗೆ ನಗು ಬರುತ್ತಿತ್ತು.

ಆ ನಗು ನಿಂತದ್ದು ಮೊಮ್ಮಗಳು ಕುಸುಮಳನ್ನು ಉದಗೀರದ ಕಿರಾಣಿ ವ್ಯಾಪಾರಿ ವಿಶ್ವನಾಥಪ್ಪನ ಮಗ ಸೂರ್ಯಕಾಂತನಿಗೆ ಕೊಟ್ಟಾಗ. ಬೀಗತಿ ಕಸ್ತೂರಬಾಯಿ ಮೂವತ್ತು ವರ್ಷದ ಹಿಂದೆ ಮುರುಮದ ಹತ್ತಿರದ ಗುಂಜೋಟಿಯ ಹೊಲಮನೆಯಿಂದ ಉದಗೀರಕ್ಕೆ ಸೊಸೆಯಾಗಿ ಹೋದವಳು. ಈಗ ಆಕೆಗೆ ಗಂಡ ವಿಶ್ವನಾಥಪ್ಪನಲ್ಲ, ವಿಶ್ವನಾಥರಾವ, ಮನೆಯವರೆಲ್ಲ ಮರಾಠಿ, ಕನ್ನಡ ಬಂದ್. ಸೊಸೆಯೂ ಮರಾಠಿಯಲ್ಲೇ ಹೆಸರು ಹೇಳಬೇಕೆಂದು ಮೊದಲೇ ಹೇಳಿ ಕಳಿಸಿದ್ದಳು. ಹೊಸ್ತಿಲಲ್ಲಿ ಸೋತ ಸೊಸೆ ಅಂಥ ಮನೆಯಲ್ಲಿ ಮುಂದೆಂದೂ ತಲೆಯೆತ್ತುವಂತಿಲ್ಲ. ಮದುಮಗಳ ಜೊತೆ ಹೊರಟ ಮುದುಕಿ ಬಂಡಿಯಲ್ಲಿ ದಾರಿಯುದ್ದಕ್ಕೂ ಮರಾಠಿ ಒಡಪೊಂದನ್ನು ಬಾಯಿಪಾಠ ಮಾಡಿಸಿದಳು.

ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಕುಸುಮ ಬಾಯಿ ತೆರೆದಳು, ಒಂದಕ್ಷರವೂ ಬರಲಿಲ್ಲ. ಕಣ್ಣಲ್ಲಿ ನೀರು ಬಂತು.

"ಅಜ್ಜೀ, ಕನ್ನಡದಾಗಾದ್ರ ಬರತದ," ಎಂದು ಪಿಸುಗುಟ್ಟಿದಳು.

"ಮರಾಠೀತಚ ನಾವ ಘೇ!" ಎಂದು ಗದರಿದಳು ಕಸ್ತೂರಬಾಯಿ. ಹೆಸರು ಹೇಳುವುದಾದರೆ ಮರಾಠಿಯಲ್ಲೇ ಎಂಬ ಹಟ.

ಪ್ರಯಾಗಬಾಯಿ ಮಾತಿಗೆ ಬೆಣ್ಣೆ ಹಚ್ಚಿದಳು. "ಹುಡುಗಿ ಅಂಜ್ಯಾಳರೀ ಬೀಗತಿ. ಈ ಮನಿ ಹಿರೇ ಸೊಸಿ ನೀವು. ಮೊದಲ ನೀವು ಯಜಮಾನರ ಹೆಸರು ಹೇಳಿ ತೋರಸ್ರಿ. ಮರಾಠಿಯೊಳಗೇ ಹೇಳ್ರಿ, ಆಕಿ ಕಲೀತಾಳ."

ನೆರೆದ ಹೆಂಗಸರು ಬಿಡುತ್ತಾರೆಯೇ? ಹೇಳು, ಹೇಳು ಎಂದು ಮುತ್ತಿಕೊಂಡರು. ಕಸ್ತೂರಬಾಯಿ ಸೆರಗು ಸರಿಮಾಡಿಕೊಂಡು ಕೆಮ್ಮಿದಳು. ಮೂವತ್ತು ವರ್ಷ ಮರಾಠಿ ಆಡಿದ್ದಳು, ನಿಜ. ಆದರೆ ಗಂಡನ ಹೆಸರಿಗೆ ಆಕೆಯ ಬಳಿ ಇದ್ದದ್ದು ಒಂದೇ ಒಡಪು. ಮದುವೆಯಲ್ಲಿ ಅದನ್ನು ಕಟ್ಟಿಕೊಟ್ಟವಳು ಎದುರಿಗೇ ನಿಂತಿದ್ದಳು.

"ಗುಂಜೋಟಿ ಹೊಲದಾಗ ಜ್ವಾಳದ ತೆನಿ ಹಾಲು ತುಂಬ್ಯಾವಪ್ಪಾ,
ಉದಗೀರ ಪ್ಯಾಟ್ಯಾಗ ನನ್ನ ದಾರಿ ನೋಡ್ತಾರ ವಿಶ್ವನಾಥಪ್ಪಾ!"

ಅಂದ ಮೇಲೆ ತಾನೇ ಬೆಚ್ಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಂಗಸರು ಮಾಳಿಗೆ ಹಾರುವಂತೆ ನಕ್ಕರು. ಆ ಗದ್ದಲದಲ್ಲೇ ಅಜ್ಜಿ ಮೊಮ್ಮಗಳನ್ನು ತಿವಿದಳು. ಕುಸುಮ ತನ್ನ ಕನ್ನಡದ ಒಡಪು ಹೇಳಿ, ಸೇರು ಒದ್ದು ಒಳಗೆ ಬಂದಳು. ಬೇಡವೆನ್ನಲು ಅತ್ತೆಯ ಬಾಯಿ ಇನ್ನೂ ಸೆರಗಿನೊಳಗಿತ್ತು.

ಅಷ್ಟರಲ್ಲಿ ಪಡಸಾಲೆಯಿಂದ ವಿಶ್ವನಾಥರಾವರು ಎದ್ದುಬಂದರು. ಸಿಟ್ಟಾದರೆಂದು ಹೆಂಗಸರು ಬದಿಗೆ ಸರಿದರು. ಅವರು ಹೆಂಡತಿಯ ಮುಂದೆ ನಿಂತು, ಮದುಮಗನ ಹಾಗೆ ನಾಚಿ ನಕ್ಕರು.

"ಕಸ್ತೂರಾ," ಎಂದರು ಕನ್ನಡದಲ್ಲಿ, "ಇನ್ನೊಮ್ಮಿ ಹೇಳು."