ಜನವರಿ ಹುಡುಗ, ಡಿಸೆಂಬರ್ ಹುಡುಗ

ಸತ್ಯನಾರಾಯಣನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸೋಕೆ ನೀವ್ಯಾರು ಅಂತ ಕೇಳಿದರೆ ಉತ್ತರ ಇಲ್ಲ. ಅವನ ಅಕ್ಕನಲ್ಲ, ಅತ್ತೆಯಲ್ಲ. ಆಸ್ಟ್ರೇಲಿಯಾದ ಪರ್ತ್ ಊರಿನ ಎಲೆನ್‌ಬ್ರೂಕ್ ಬಡಾವಣೆಯಲ್ಲಿ ಅವನ ಹಿಂದಿನ ಬೀದಿಯವಳು, ಈ ಊರಿನವರ ಕೆಮ್ಮು ನೆಗಡಿ ನೋಡಿ ನೋಡಿ ರಿಟೈರಾದ ಡಾಕ್ಟರ್ ನಾಗವೇಣಿ. ಅವನಿಗೂ ನಾನು ಆಂಟಿ, ಅವನ ಹೆಂಡತಿ ಪೂರ್ವಿಗೂ ಆಂಟಿ, ಅವರ ಮಗ ಕೌಸ್ತುಭನಿಗೂ ಆಂಟಿ. ಆ ಮಗು ಮೊದಲನೇ ಹಲ್ಲು ಬಿದ್ದಾಗ ಅಂಗೈಯಲ್ಲಿಟ್ಟುಕೊಂಡು ಓಡಿಬಂದು ತೋರಿಸಿದ್ದು ನನಗೆ. ಕೋಪ ಮಾಡಿಕೊಳ್ಳುವಷ್ಟು ಹಕ್ಕು ನನಗಿದೆ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ.

ಸತ್ಯ ಕೆಟ್ಟವನಲ್ಲ, ಅದೇ ಕಷ್ಟ. ಮೈಸೂರಿನ ಸರಸ್ವತೀಪುರಂ ಕಡೆಯವನು, ಇಲ್ಲೊಂದು ಗಣಿ ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ. ಪರ್ತ್‌ಗೆ ಬಂದ ಹೊಸದರಲ್ಲಿ ಸೋಮವಾರ ಬೆಳಿಗ್ಗೆ ಆಫೀಸಿನವರೆಲ್ಲ ಕಾಫಿ ಹಿಡಿದು ಫುಟಿ ಮಾತಾಡುವಾಗ ಇವನೊಬ್ಬ ಗೋಡೆ ನೋಡುತ್ತಾ ನಿಲ್ಲುತ್ತಿದ್ದನಂತೆ. ಫುಟಿ ಎಂದರೆ ಇಲ್ಲಿನ ಫುಟ್‌ಬಾಲು. ಮೊಟ್ಟೆಯಾಕಾರದ ಚೆಂಡು, ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು, ಮೈಮೇಲೂ ಬೀಳಬಹುದು. ಹಠ ಹಿಡಿದು ಕಲಿತ. ಆಡುವುದನ್ನಲ್ಲ, ಮಾತಾಡುವುದನ್ನು. ಮೂರು ವರ್ಷದಲ್ಲಿ ಆಫೀಸಿನವರೇ ಇವನ ಟೇಬಲ್ಲಿನ ಹತ್ತಿರ ಬಂದು ನಿಲ್ಲುವ ಹಾಗಾಯಿತು.

ಅವನಿಗೆ ನಿಜವಾದ ಹುಚ್ಚು ಹಿಡಿಸಿದ್ದು ಡ್ರಾಫ್ಟು. ಪ್ರತಿ ನವೆಂಬರಿನಲ್ಲಿ ದೇಶದ ದೊಡ್ಡ ಟೀಮುಗಳು ಹದಿನೆಂಟರ ಹೊಸ ಹುಡುಗರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಆ ವರ್ಷ ಸೋತು ಸುಣ್ಣವಾದ ಟೀಮಿಗೆ ಮೊದಲ ಸರದಿ. ನಮ್ಮ ಟೀಮು ಸೋಲುವುದರಲ್ಲಿ ನಿಸ್ಸೀಮ, ಹಾಗಾಗಿ ನಮಗೆ ಡ್ರಾಫ್ಟೇ ಹಬ್ಬ. ಸ್ವಾನ್ ವ್ಯಾಲಿಯಲ್ಲಿ ಬ್ರೆಟ್ ಎಂಬ ದ್ರಾಕ್ಷಿ ತೋಟದವನ ಹಿತ್ತಿಲಲ್ಲಿ ಹಳೆಯ ಅಭಿಮಾನಿಗಳೆಲ್ಲ ಸೇರಿ, ಬಾರ್ಬಿ ಎಂಬ ಬಯಲಿನ ಒಲೆ ಹೊತ್ತಿಸಿ, ಯಾರನ್ನು ತೆಗೆದುಕೊಳ್ಳಬೇಕು ಯಾರನ್ನು ಬಿಡಬೇಕು ಎಂದು ಇಡೀ ಮಧ್ಯಾಹ್ನ ಕಚ್ಚಾಡುತ್ತಾರೆ. ನನ್ನ ಯಜಮಾನರು ಕೊಂಡಿದ್ದ ಸ್ಟೇಡಿಯಂ ಸೀಟನ್ನು ಅವರು ಹೋದಮೇಲೂ ಬಿಡಲು ಮನಸ್ಸಾಗದೆ ನಾನೂ ಆ ಗುಂಪಿಗೆ ಸೇರಿದವಳು. ಹುಡುಗರ ಎತ್ತರ, ತೂಕ, ಓಟ, ಅಪ್ಪನ ಮೈಕಟ್ಟು, ಅಮ್ಮನ ಕಡೆಯವರ ಎತ್ತರ, ಒಂದನ್ನೂ ಬಿಡುವುದಿಲ್ಲ. ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರದಲ್ಲೂ ಇಷ್ಟು ಅಳೆದು ಸುರಿದು ನೋಡಿದ್ದನ್ನು ನಾನು ಕಾಣೆ.

ಆ ಗುಂಪಿಗೆ ಸತ್ಯನನ್ನು ಕರೆದುಕೊಂಡು ಹೋದವಳು ನಾನೇ. ಅಲ್ಲಿ ಅವನು ಒಂದು ಸಿದ್ಧಾಂತ ಮಂಡಿಸಿದ. ಒಂದೇ ವರ್ಷ ಹುಟ್ಟಿದವರೆಲ್ಲ ಒಟ್ಟಿಗೇ ಡ್ರಾಫ್ಟಿಗೆ ಬರುತ್ತಾರೆ. ಆದರೆ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಇಬ್ಬರೂ ಒಂದೇ ಎತ್ತರ, ಒಂದೇ ಆಟ ಎಂದಾದರೆ ಡಿಸೆಂಬರಿನವನನ್ನೇ ಎತ್ತಿಕೊಳ್ಳಿ, ಅವನು ಇನ್ನೂ ಬೆಳೆಯುತ್ತಾನೆ. ಜನವರಿಯವನು ಬೆಳೆದು ಮುಗಿದ. ಹೀಗೆ ಅವನು ಬೆರಳು ಮಾಡಿದ ಇಬ್ಬರು ಹುಡುಗರು ಮುಂದೆ ಗಟ್ಟಿ ಆಟಗಾರರಾದರು. ಅಲ್ಲಿಂದ ಅವನಿಗೆ ಪ್ರೊಫೆಸರ್ ಎಂದು ಹೆಸರು ಬಿತ್ತು. ಮಾಂಸ ತಾಗದ ಹಾಗೆ ಅವನ ಜೋಳಕ್ಕೂ ಪನೀರಿಗೂ ಬ್ರೆಟ್ ಬೇರೆಯೇ ತವಾ ಇಟ್ಟ. ನಮ್ಮ ಟೀಮಿಗಾಗಿ ವಾರಾಂತ್ಯದಲ್ಲಿ ಹುಡುಗರ ಪಂದ್ಯ ನೋಡಿ ವರದಿ ಕೊಡುವ ಡೀನ್ ಎಂಬವನಿದ್ದ. ಅವನೂ ಕುರ್ಚಿ ಎಳೆದುಕೊಂಡು ಇವನ ಪಕ್ಕ ಕೂರತೊಡಗಿದ.

ಇನ್ನು ಕೌಸ್ತುಭನ ವಿಷಯ. ಅಪ್ಪನ ಹಿಂದೆ ಹಿಂದೆ ಮೈದಾನ ಸುತ್ತಿದ ಹುಡುಗ ಚೆಂಡು ಹಿಡಿದ. ಹಿಡಿದವನು ಬಿಡಲಿಲ್ಲ. ಸಣ್ಣ ಆಳು, ಆದರೆ ಎಂಥ ಓಟ, ಎಂಥ ಕಾಲು. ಹದಿನೇಳಕ್ಕೆ ರಾಜ್ಯದ ಕಿರಿಯರ ಟೀಮಿನಲ್ಲಿ ಆಡಿದ. ಡ್ರಾಫ್ಟಿನಲ್ಲಿ ಕೊನೆಯ ಸರದಿಗಾದರೂ ಹೋಗಬಹುದು ಎಂದು ಪೇಪರಿನಲ್ಲಿ ಹೆಸರು ಬಂದಾಗ ನಾನು ಮನೆ ಬಾಗಿಲಿಗೆ ತೋರಣ ಕಟ್ಟಿದ್ದೆ. ಹುಡುಗನಿಗೆ ಅದು ಬಿಟ್ಟು ಬೇರೆ ಪ್ರಪಂಚವೇ ಇರಲಿಲ್ಲ. ಅವನ ಕೊರತೆ ಎಂದರೆ ಎತ್ತರ ಒಂದೇ.

ಆ ಎತ್ತರದ ಹಿಂದೆ ಒಂದು ಕಥೆ ಇದೆ. ಅದು ನಮ್ಮವರಿಗೆ ಮಾತ್ರ ಅರ್ಥವಾಗುವಂಥದ್ದು. ನಮ್ಮಲ್ಲಿ ಎಷ್ಟೋ ಜನಕ್ಕೆ ಎರಡು ಹುಟ್ಟಿದ ದಿನ. ಒಂದು ತಾಯಿ ಹೆತ್ತದ್ದು, ಇನ್ನೊಂದು ಸ್ಕೂಲಿಗೆ ಸೇರಿಸುವಾಗ ಹಿರಿಯರು ಹೆತ್ತದ್ದು. ನನಗೂ ಎರಡಿವೆ. ಕೌಸ್ತುಭ ಹುಟ್ಟಿದ್ದು ಡಿಸೆಂಬರ್ ಕೊನೆಯಲ್ಲಿ, ಧನುರ್ಮಾಸದ ಚಳಿಯಲ್ಲಿ, ಪೂರ್ವಿಯ ತವರಿನ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ. ಆ ಲೆಕ್ಕದಲ್ಲಿ ಸ್ಕೂಲು ಒಂದು ವರ್ಷ ತಡವಾಗುತ್ತದೆ. ಮೊಮ್ಮಗನ ಒಂದು ವರ್ಷ ದಂಡವಾಗಬಾರದು ಎಂದು ತಾತ ಪರಿಚಯದವರನ್ನು ಹಿಡಿದು, ಅದೇ ವರ್ಷದ ಜನವರಿ ಬರೆಸಿಕೊಂಡು ಬಂದರು. ಅದೂ ಸಂಕ್ರಾಂತಿ ದಿನ. ಸುಳ್ಳು ಹೇಳಿದರೂ ನೆನಪಿರೋ ದಿನ ಹೇಳಬೇಕು ಎಂದರಂತೆ. ರೆಕಾರ್ಡ್ ಪ್ರಕಾರ ಹೆತ್ತ ದಿನ ನಾನಿನ್ನೂ ಬಸುರಿಯೇ ಆಗಿರಲಿಲ್ಲ ಆಂಟಿ, ಎಂದು ಪೂರ್ವಿ ನಗುತ್ತಿದ್ದಳು. ಪಾಸ್‌ಪೋರ್ಟು, ವೀಸಾ, ಇಲ್ಲಿನ ಪೌರತ್ವ ಎಲ್ಲ ಆ ಸಂಕ್ರಾಂತಿಯ ಮೇಲೆ ನಿಂತಿದ್ದವು. ಮಗನಿಗೆ ಮಾತ್ರ ಡಿಸೆಂಬರಿನದು ನಕ್ಷತ್ರದ ಪ್ರಕಾರದ ಹುಟ್ಟುಹಬ್ಬ ಎಂದು ಹೇಳಿ ಪಾಯಸ ಮಾಡುತ್ತಿದ್ದರು.

ಗೊತ್ತಾಯಿತಲ್ಲ. ನಿಜವಾದ ಡಿಸೆಂಬರ್ ಹುಡುಗ ಕಾಗದದಲ್ಲಿ ಜನವರಿ ಹುಡುಗನಾಗಿ ನಿಂತಿದ್ದ. ತನ್ನ ಓರಗೆಯಲ್ಲೇ ಎಲ್ಲರಿಗಿಂತ ಚಿಕ್ಕವನನ್ನು ಎಲ್ಲರಿಗಿಂತ ದೊಡ್ಡವನು ಎಂದು ಅಳೆಯುತ್ತಿದ್ದರು. ಅಳೆಯುವ ಕೋಲು ಅಪ್ಪನೇ ಕೊಟ್ಟದ್ದು. ಹುಡುಗನಿಗಿನ್ನೂ ಸರಿಯಾಗಿ ಗಡ್ಡ ಬಂದಿರಲಿಲ್ಲ, ಪಾದಗಳು ಮಾತ್ರ ದೋಣಿಯಷ್ಟಿದ್ದವು. ಇವನು ಇನ್ನೂ ಬೆಳೀತಾನೆ ಎಂದು ನಾನು ಡಾಕ್ಟರಾಗಿಯೇ ಪೂರ್ವಿಗೆ ಹೇಳಿದ್ದೆ.

ಬಾಯಿ ಬಿಟ್ಟರೆ ಬಣ್ಣಗೇಡು. ತಾರೀಖು ಸರಿಮಾಡಲು ಹೋದರೆ ಪೌರತ್ವಕ್ಕೇ ಕುತ್ತು ಬಂದೀತು ಎಂದು ಸತ್ಯ ಹೆದರಿದ. ಆ ಹೆದರಿಕೆಯನ್ನು ನಾನು ತಪ್ಪು ಎನ್ನುವುದಿಲ್ಲ. ಪೂರ್ವಿಯೂ ಅದನ್ನು ಬಿಡಿಸಲು ಹೋಗಲಿಲ್ಲ. ಆ ನವೆಂಬರಿನಲ್ಲಿ ಬ್ರೆಟ್ ಮನೆಗೆ ಹೊರಡುವ ಮುಂಚೆ, ನನ್ನೆದುರಿಗೇ, ಕಾರಿನ ಬಾಗಿಲು ಹಿಡಿದು ಗಂಡನಿಗೆ ಒಂದೇ ಮಾತು ಹೇಳಿದಳು.

"ಡೇಟ್ ವಿಷಯ ಎತ್ತೋದೇ ಬೇಡ ರೀ. ಇವತ್ತು ಡೀನ್ ಇರ್ತಾರೆ. ಯಾರಾದ್ರೂ ಕೇಳಿದ್ರೆ ನಮ್ಮ ಹುಡುಗ ಚೆನ್ನಾಗಿ ಆಡ್ತಾನೆ, ತಗೊಳ್ಳಿ ಅನ್ನಿ. ಅಷ್ಟೇ ಸಾಕು."

ಸತ್ಯ ತಲೆಯಾಡಿಸಿದ.

ಹಿತ್ತಿಲಲ್ಲಿ ಆ ದಿನ ಜಗಳ ನಡೆದದ್ದು ನಮ್ಮ ಕೊನೆಯ ಸರದಿಯ ಬಗ್ಗೆ. ಮೊದಲಿನವು ಎಲ್ಲರಿಗೂ ಗೊತ್ತಿದ್ದ ಹೆಸರುಗಳು. ಕೊನೆಯದಕ್ಕೆ ಇಬ್ಬರಿದ್ದರು: ನಮ್ಮ ಕೌಸ್ತುಭ, ಮತ್ತು ಅಡಿಲೇಡಿನ ಒಬ್ಬ ಹುಡುಗ. ಒಂದೇ ಎತ್ತರ, ಒಂದೇ ಜಾಗದಲ್ಲಿ ಆಡುವವರು. ನಮ್ಮವನ ಕಾಲು ಚುರುಕು ಎಂದು ಬ್ರೆಟ್ ಒಬ್ಬನೇ ವಾದಿಸುತ್ತಿದ್ದ. ಉಳಿದವರು ಪ್ರೊಫೆಸರರ ಪಾಠ ಒಪ್ಪಿಸಿದರು. ಅಡಿಲೇಡಿನವನು ಡಿಸೆಂಬರ್ ಹುಡುಗ, ಅವರ ಬಾಯಲ್ಲಿ ಕೋಸ್ ಆಗಿದ್ದ ನಮ್ಮ ಕೌಸ್ತುಭ ಜನವರಿ ಹುಡುಗ. ಈಗ ನೋಡಿದಷ್ಟೇ ಅವನು, ಇನ್ನು ಮುಂದೆ ಬೆಳೆಯುವುದಿಲ್ಲ. ಅವನ ಅಪ್ಪ ಎಷ್ಟು ಉದ್ದ ಇದ್ದಾನೆ ನೋಡಿ ಎಂದು ಒಬ್ಬ ನಕ್ಕ. ಕುಳ್ಳ ಸತ್ಯನೂ ಜೊತೆಗೆ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಹುಡುಗ ಆಗ ತವಾದ ಹತ್ತಿರ ಅಪ್ಪನ ಪನೀರು ಮಗುಚುತ್ತಿದ್ದ. ಅವನಿಗೆ ಎಲ್ಲ ಕೇಳಿಸುತ್ತಿತ್ತು.

ಆಗ ಡೀನ್ ಬಿಯರು ಕೆಳಗಿಟ್ಟು ಸತ್ಯನ ಕಡೆ ತಿರುಗಿದ. ಛೇಡಿಸಲು ಕೇಳಿದ್ದಲ್ಲ, ನಿಜವಾಗಿಯೇ ಕೇಳಿದ. ಅವನು ನಿನ್ನ ಮಗ ಅನ್ನೋದನ್ನ ಪಕ್ಕಕ್ಕಿಡು ಪ್ರೊಫೆಸರ್, ಆ ಕೊನೆಯ ಸರದಿ ನಿನ್ನ ಕೈಯಲ್ಲಿದ್ದರೆ ನೀನು ಯಾರನ್ನ ತಗೋತೀಯ, ಎಂದ.

ಹುಡುಗ ತಟ್ಟೆ ಹಿಡಿದು ಅಪ್ಪನ ಕುರ್ಚಿಯ ಹಿಂದೆ ಬಂದು ನಿಂತಿದ್ದ. ಒಂದು ಮಾತು ಸಾಕಾಗಿತ್ತು. ಸುಳ್ಳೂ ಬೇಕಿರಲಿಲ್ಲ, ಸಿದ್ಧಾಂತವೂ ಬೇಕಿರಲಿಲ್ಲ. ಮಗನಲ್ವಾ, ಕಣ್ಣು ಮುಚ್ಚಿ ಅವನನ್ನೇ ತಗೋತೀನಿ ಎಂದಿದ್ದರೆ ಅಲ್ಲಿದ್ದವರು ನಕ್ಕು, ಬೆನ್ನು ತಟ್ಟಿ, ಇನ್ನೊಂದು ಬಿಯರು ತೆಗೆಯುತ್ತಿದ್ದರು. ಸತ್ಯ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ.

"ಅಡಿಲೇಡ್ ಹುಡುಗನನ್ನ, ಮೇಟ್," ಎಂದ. "ನನ್ನ ಮಗನನ್ನ ತಗೋತಿರ್ಲಿಲ್ಲ."

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಈ ಪುಣ್ಯಾತ್ಮನಿಗೆ ಬಂಗಾರದಂಥ ಮಗ ಮುದ್ದಾಗಲಿಲ್ಲ. ಬ್ರೆಟ್ ಎದ್ದು ಬಂದು ಅವನ ಕೈ ಕುಲುಕಿದ. ಇಷ್ಟು ನೇರ ಮನುಷ್ಯನನ್ನ ನಾನು ನೋಡೇ ಇಲ್ಲ ಎಂದ. ಇನ್ನೊಬ್ಬ ಚಪ್ಪಾಳೆ ತಟ್ಟಿದ. ಕೌಸ್ತುಭ ಅಪ್ಪನ ಮುಂದೆ ತಟ್ಟೆ ಇಟ್ಟು ದ್ರಾಕ್ಷಿ ಸಾಲುಗಳ ಕಡೆ ನಡೆದುಹೋದ. ಸತ್ಯ ಆ ಪನೀರನ್ನು ತಿಂದ ಕೂಡ.

ಹೊರಡುವಾಗ ಕಾರಿನ ಹತ್ತಿರ ಹಿಡಿದುಕೊಂಡೆ. ನಾಚಿಕೆ ಆಗಲ್ವೇನೋ ನಿನಗೆ ಎಂದೆ.

"ಆಂಟಿ, ಅವನನ್ನ ತಗೋತೀನಿ ಅಂದಿದ್ರೆ ಡೀನ್ ಯಾಕೆ ಅಂತ ಕೇಳ್ತಿದ್ದ. ಏನು ಹೇಳ್ಲಿ ನಾನು? ಇಷ್ಟು ವರ್ಷ ಒಂದು ಹೇಳಿ, ಈಗ ನನ್ನ ಮಗ ಅಂತ ಇನ್ನೊಂದು ಹೇಳಿದ್ರೆ ಇವರೆಲ್ಲ ಏನಂದ್ಕೋತಾರೆ?"

ಅಲ್ಲಿಗೆ ನನಗೆ ಅರ್ಥವಾಯಿತು. ಅವನನ್ನು ಆ ಹೊತ್ತು ಹಿಡಿದು ನಿಲ್ಲಿಸಿದ್ದು ಪೌರತ್ವದ ಭಯವಲ್ಲ. ಸೋಮವಾರದ ಕಾಫಿ ಹೊತ್ತಿನಲ್ಲಿ ಮತ್ತೆ ಗೋಡೆ ನೋಡಿಕೊಂಡು ನಿಲ್ಲಬೇಕಾದೀತು ಎಂಬ ಭಯ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಬೈದು ನನ್ನ ಕಾರು ಹತ್ತಿದೆ.

ಡ್ರಾಫ್ಟಿನ ದಿನ ಪೂರ್ವಿ ಕೇಸರಿಬಾತು ಮಾಡಿದ್ದಳು. ಪೂರ್ವದ ಊರುಗಳಲ್ಲಿ ಕತ್ತಲಾಗಿದ್ದರೂ ನಮ್ಮಲ್ಲಿ ಇನ್ನೂ ಬಿಸಿಲು. ಹುಡುಗ ಹೊಸ ಅಂಗಿ ತೊಟ್ಟು ಸೋಫಾದ ತುದಿಯಲ್ಲಿ ಕೂತಿದ್ದ. ಫೋನು ಮೊಣಕಾಲ ಮೇಲಿತ್ತು. ನಮ್ಮ ಟೀಮು ಕೊನೆಯ ಸರದಿಯಲ್ಲಿ ಅಡಿಲೇಡಿನವನ ಹೆಸರು ಹೇಳಿತು. ಬೇರೆ ಯಾವ ಟೀಮೂ ನಮ್ಮವನ ಹೆಸರು ಹೇಳಲಿಲ್ಲ. ಸತ್ಯನ ಮಾತಿಗೆ ಅಷ್ಟು ತೂಕ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಡೀನ್ ಏನು ವರದಿ ಕೊಟ್ಟನೋ, ಅದನ್ನು ಯಾರು ಓದಿದರೋ, ದೇವರೇ ಬಲ್ಲ. ಸತ್ಯನ ಫೋನಿಗೆ ಮಾತ್ರ ಒಂದೇ ಸಮ ಮೆಸೇಜು ಬಂದವು. ಪ್ರೊಫೆಸರ್, ನೀನು ಹೇಳಿದ್ದೇ ಆಯಿತು, ಎಂದು. ಕೇಸರಿಬಾತು ಯಾರೂ ಮುಟ್ಟಲಿಲ್ಲ.

ತಿಂಗಳೊಳಗೆ ಹುಡುಗ ಬ್ರಿಸ್ಬೇನಿಗೆ ಹೊರಟುಹೋದ. ನಾರ್ತ್ ಲೇಕ್ಸ್‌ನ ಅಂಗಡಿ ಸಾಲಿನಲ್ಲಿ ಒಂದು ಶೂ ಅಂಗಡಿಯಲ್ಲಿ ಕೆಲಸ. ಅಪ್ಪನ ಫೋನು ಎತ್ತುವುದಿಲ್ಲ, ಅಮ್ಮನಿಗೆ ಭಾನುವಾರ ಮಾಡುತ್ತಾನೆ. ನನ್ನ ತಂಗಿಯ ಮಗಳು ಅಪೂರ್ವ ಅಲ್ಲೇ ಇರುವುದರಿಂದ ಈ ಜುಲೈನಲ್ಲಿ ಹೋದಾಗ ಅವನನ್ನು ಊಟಕ್ಕೆ ಕರೆದೆ. ಬಾಗಿಲು ತೆಗೆದು ಕತ್ತೆತ್ತಿ ನೋಡಿದೆ. ಹುಡುಗ ಎರಡು ಇಂಚು ಬೆಳೆದಿದ್ದ. ಗಡ್ಡವೂ ಬಂದಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಆಟ ನಿಲ್ಲಿಸಿದೆಯಂತಲ್ಲ, ಹೀಗೆ ಬೆಳೆದಿದ್ದೀಯ, ಇನ್ನೊಂದು ಸಲ ಪ್ರಯತ್ನ ಮಾಡು ಎಂದೆ. ಬೇಡ ಎಂದ. ಆಗ ನಾನು ತಡೆಯಲಾರದೆ, ನಿನ್ನ ತಾರೀಖಿನ ವಿಷಯ ನಿನಗೆ ಗೊತ್ತಿಲ್ಲ ಪುಟ್ಟಾ ಎಂದು ಶುರುಮಾಡಿದೆ. ಅವನು ಕೈ ಅಡ್ಡ ಮಾಡಿದ. ಮಾತಾಡಿದ್ದು ಇಂಗ್ಲಿಷಿನಲ್ಲೇ, ಕನ್ನಡದಲ್ಲಿ ಹೇಳುವುದಾದರೆ ಇಷ್ಟು.

"ಅದು ಚಿಕ್ಕಂದಿನಿಂದ ಗೊತ್ತು ಆಂಟಿ. ಮೈಸೂರಿನ ಕಸಿನ್ಸ್ ಎಲ್ಲ ರೇಗಿಸ್ತಿದ್ರು. ಅಪ್ಪ ಅದನ್ನ ಹೇಳೋಕಾಗಲ್ಲ ಅಂತಾನೂ ಗೊತ್ತಿತ್ತು. ಡ್ರಾಫ್ಟ್ ಆಗ್ಲಿಲ್ಲ ಅಂತ ನಂಗೆ ಬೇಜಾರಿಲ್ಲ. ಅವತ್ತು ನಾನು ತಟ್ಟೆ ಹಿಡ್ಕೊಂಡು ಹಿಂದೆ ನಿಂತಿದ್ದು ಅಪ್ಪನಿಗೆ ಗೊತ್ತಿತ್ತು."

ಪರ್ತ್‌ಗೆ ವಾಪಸಾದ ಮೇಲೆ ಸತ್ಯ ಮನೆಗೆ ಬಂದ. ಹುಡುಗ ಹೇಗಿದ್ದಾನೆ ಎಂದು ಕೇಳಿದ. ಒಂದಕ್ಷರ ಬಿಡದೆ ಹೇಳಿದೆ. ಎರಡು ಇಂಚಿನದನ್ನೂ ಹೇಳಿದೆ, ತಟ್ಟೆಯದನ್ನೂ ಹೇಳಿದೆ. ಅವನ ಕಣ್ಣು ತುಂಬಿದವು. ಈಗಲಾದರೂ ಎದ್ದು ಟಿಕೆಟ್ ತೆಗೆದು ಬ್ರಿಸ್ಬೇನಿಗೆ ಹೋಗುತ್ತಾನೆ ಎಂದುಕೊಂಡೆ.

"ಆಂಟಿ," ಎಂದ, "ರೆಕಾರ್ಡ್ ಪ್ರಕಾರ ನೋಡಿದ್ರೆ ನಾನು ಹೇಳಿದ್ದು ಸರಿ ತಾನೆ?"

ಅವನು ಇನ್ನೊಂದು ಸಲ ಕೇಳಿದ.