ಬಸ್ಸಿನ ಧಣಿಗಳ ವಾಲಿಬಾಲ್ ಮಗ

ಮದುವೆಯಾದ ಹೊಸತರಲ್ಲಿ ಗಂಡನಿಗೆ ಎಂತ ಕೆಲಸ ಎಂದು ಯಾರಾದರೂ ಕೇಳಿದರೆ ನಾನು ಬಸ್ ಕಂಪೆನಿಯಲ್ಲಿ ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಕೇಳುವವರು ಅಷ್ಟಕ್ಕೇ ಬಿಡುತ್ತಾರೆಯೇ? ಡ್ರೈವರಾ? ಅಲ್ಲ. ಕಂಡಕ್ಟರಾ? ಅಲ್ಲ. ಆಫೀಸಿನಲ್ಲಿ ಬರೆಯುವವರಾ? ಅದೂ ಅಲ್ಲ. ಕೊನೆಗೆ ವಾಲಿಬಾಲ್ ಆಡುತ್ತಾರೆ ಎಂದರೆ, “ಅದು ಸಂಜೆಗಾಯ್ತು, ಹಗಲಿಗೆ ಎಂತ ಮಾಡುದು?” ಎಂದು ನಗುತ್ತಿದ್ದರು. ಹಗಲಿಗೆ ಅವರು ಉಂಡು ಮಲಗುತ್ತಿದ್ದರು, ಎದ್ದು ಕ್ಯಾನ್ವಾಸ್ ಶೂಗೆ ಬಿಳಿ ಬಳಿಯುತ್ತಿದ್ದರು. ಇದನ್ನು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳವು. ಸುಳ್ಯ ಆಗ ಇನ್ನೂ ಪುತ್ತೂರು ತಾಲೂಕಿನಲ್ಲೇ ಇತ್ತು. ಪುತ್ತೂರಿನಿಂದ ಸುಳ್ಯಕ್ಕೂ ಕಡಬಕ್ಕೂ ಓಡುತ್ತಿದ್ದ ಕೆಲವು ಬಸ್ಸುಗಳು, ಮರ ಮಾರುವ ಒಂದು ಡಿಪ್ಪೋ, ಒಂದು ವಾಲಿಬಾಲ್ ಟೀಮು, ಇಷ್ಟು ನಮ್ಮ ಧಣಿಗಳದ್ದು. ಧಣಿಗಳೆಂದರೆ ಬಸ್ಸಿನ ಯಜಮಾನರು, ಬ್ಯಾರಿ ಮುಸ್ಲಿಮ್ ಮನೆತನದವರು, ತಲೆಮಾರಿನಿಂದ ವ್ಯಾಪಾರದಲ್ಲಿದ್ದವರು. ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವರು ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಬಸ್ಸಿನ ಮೇಲೆ ಇದ್ದ ಪ್ರೀತಿಗಿಂತ ವಾಲಿಬಾಲಿನ ಮೇಲೆ ಅವರಿಗೆ ಹೆಚ್ಚು ಪ್ರೀತಿ. ನಮ್ಮವರು ನೆಟ್ಟಿನ ಹತ್ತಿರ ಹಾರಿ ಚೆಂಡು ಹೊಡೆದರೆ ಧಣಿಗಳು ಕುರ್ಚಿಯಿಂದ ಎದ್ದುಬಿಡುತ್ತಿದ್ದರು. ಆಟ ಮುಗಿದ ಮೇಲೆ ತಮ್ಮ ಹೆಗಲ ಮೇಲಿನ ಶಾಲಿನಿಂದಲೇ ನಮ್ಮವರ ಬೆವರು ಒರಸುತ್ತಿದ್ದರಂತೆ. ನಮ್ಮವರು ಇದನ್ನು ಮನೆಗೆ ಬಂದು ಹೇಳುವಾಗ ಮುಖ ನೋಡಬೇಕಿತ್ತು, ಹೊಸ ಮದುಮಗನ ಮುಖ.

ನನ್ನನ್ನು ನೋಡಲು ಬಂದಿದ್ದಾಗಲೂ ಆ ಮುಖ ಅಷ್ಟು ಬೆಳಗಿರಲಿಲ್ಲ.

ಸಂಬಳ ಎಂಬುದು ಇರಲಿಲ್ಲ. ಬೇಕಾದಾಗ ಧಣಿಗಳು ಕಿಸೆಗೆ ಕೈಹಾಕಿ ಕೊಡುತ್ತಿದ್ದರು, ಎಣಿಸುತ್ತಿರಲಿಲ್ಲ. ಅಕ್ಕಿಯ ಮುಡಿ ಬರುತ್ತಿತ್ತು, ಮೀನು ಬರುತ್ತಿತ್ತು, ಹಬ್ಬಕ್ಕೆ ಸೀರೆ ಬರುತ್ತಿತ್ತು. ಆದರೆ ಕಂಪೆನಿಯ ಕಂಡಕ್ಟರುಗಳಿಗೆಲ್ಲ ದೀಪಾವಳಿಗೆ ಖಾಕಿ ಬಟ್ಟೆ ಹಂಚಿದ ದಿನ ನಮ್ಮವರು ಬರಿಗೈಯಲ್ಲಿ ಬಂದರು. ಯಾಕೆ ಎಂದು ಕೇಳಿದೆ.

“ಅದು ಕೆಲಸದವರಿಗೆ,” ಎಂದರು.

“ಮತ್ತೆ ನೀವು?”

“ಧಣಿಗಳು ನನ್ನನ್ನು ಮಗಾ ಅಂತ ಕರೆಯುದು. ನಿನಗೆ ಗೊತ್ತುಂಟಲ್ಲ.”

ನನಗೆ ಗೊತ್ತಿತ್ತು. ಪುತ್ತೂರಿನ ಬಸ್‌ಸ್ಟ್ಯಾಂಡಿನ ಕಾಗೆಗಳಿಗೂ ಗೊತ್ತಿತ್ತು. ಕಂಪೆನಿಯಲ್ಲಿ ಎಲ್ಲರೂ ಧಣಿಗಳ ಎದುರು ನಿಂತು ಮಾತಾಡಿದರೆ ನಮ್ಮವರು ಮಾತ್ರ ಪಕ್ಕದಲ್ಲಿ ಕುಳಿತು ಮಾತಾಡುತ್ತಿದ್ದರು. ಆ ಒಂದು ಕುರ್ಚಿಗಾಗಿ ಈ ಮನುಷ್ಯ ಜೀವ ಕೊಡಲಿಕ್ಕೂ ಸೈ ಎಂದು ನನಗೆ ಆಗಲೇ ಅರ್ಥವಾಗಿತ್ತು.

ಒಮ್ಮೆ ಕಂಡಕ್ಟರುಗಳೆಲ್ಲ ಸೇರಿ ಮುಷ್ಕರ ಹೂಡಿ ಬಸ್ ನಿಲ್ಲಿಸಿದರು. ನಮ್ಮವರ ಬಳಿ ಬಂದು, ನಮ್ಮ ಜೊತೆ ಕೂತುಕೊಳ್ಳಿ ಎಂದರು. ನಾನು ಕೆಲಸದವನಲ್ಲ ಮಾರಾಯ್ರೆ, ನಾನು ಹೇಗೆ ಕೂತುಕೊಳ್ಳುದು ಎಂದು ಇವರು ಜಾರಿಕೊಂಡರು. ಅತ್ತ ಧಣಿಗಳ ಏಜೆಂಟರು ಬಂದು, ಒಂದು ದಿನಕ್ಕಾದರೂ ಚೀಲ ಹಾಕಿಕೊಂಡು ಟಿಕೆಟು ಕೊಡಿ ಎಂದರೆ, ನಾನು ಕಂಡಕ್ಟರಲ್ಲವಲ್ಲ ಎಂದರು. ಅಂದು ಸಂಜೆ ಧಣಿಗಳು, ಮುನಿಸಿಕೊಂಡ ಕಂಡಕ್ಟರುಗಳು ಎಲ್ಲರೂ ಮೈದಾನಿನ ಸುತ್ತ ನಿಂತು ಇವರ ಆಟ ನೋಡಿದರಂತೆ. ಎರಡೂ ಕಡೆಯವರು ಚಪ್ಪಾಳೆ ಹೊಡೆದರು ಎಂದು ಹೆಮ್ಮೆಯಿಂದ ಹೇಳಿದರು. ನಾನು ಹಣೆ ಚಚ್ಚಿಕೊಂಡೆ.

ಇನ್ನೊಂದು ಸಲ ಕಡಬದಲ್ಲಿ ಪಂದ್ಯ. ಅಲ್ಲಿನ ಮರದ ವ್ಯಾಪಾರಿಯೊಬ್ಬರು ಧಣಿಗಳ ದೋಸ್ತಿ. ಅವರ ಟೀಮಿನಲ್ಲಿ ಒಬ್ಬನಿಗೆ ಜ್ವರ. ಧಣಿಗಳು ನಮ್ಮವರನ್ನು ಕಳಿಸಿಕೊಟ್ಟರು. ಮದುವೆ ಮನೆಗೆ ಕೊಪ್ಪರಿಗೆ ಎರವಲು ಕೊಟ್ಟ ಹಾಗೆ! ಹೋಗುತ್ತೀಯಾ ಎಂದು ಕೇಳಲೂ ಇಲ್ಲ. ಇವರು ಗೆಲ್ಲಿಸಿ ಬಂದರು, ಅವರು ಒಂದು ಗೊನೆ ನೇಂದ್ರ ಬಾಳೆ ಕೊಟ್ಟು ಕಳಿಸಿದರು. ಆ ಗೊನೆಯನ್ನು ಇವರು ಬಸ್ಸಿಂದ ಇಳಿಸಿ ನೇರ ಧಣಿಗಳ ಮನೆಗೆ ಕೊಟ್ಟು ಬಂದರು.

ಐವರ್ನಾಡಿನ ಕಡೆ ಹೊಸತಾಗಿ ರಬ್ಬರ್ ತೋಟ ಹಾಕಿದ್ದ ಯಜಮಾನರೊಬ್ಬರು ನಮ್ಮ ಮನೆಗೇ ಬಂದು, ಜಗಲಿಯಲ್ಲಿ ಕುಳಿತು, ಪಂದ್ಯಕ್ಕೆ ಇಷ್ಟು ಅಂತ ನೀವೇ ಹೇಳಿ, ಯಾರು ಕರೆದರೆ ಅವರಿಗೆ ಆಡಿ, ಒಬ್ಬರ ಹಂಗು ನಿಮಗೆ ಯಾಕೆ ಎಂದು ಹೇಳಿ ಹೋದರು. ನನಗೆ ಅದು ಬುದ್ಧಿಯ ಮಾತಾಗಿ ಕಂಡಿತು. ನಮ್ಮವರಿಗೆ ಯಾರೋ ಮುಖಕ್ಕೆ ಉಗಿದ ಹಾಗಾಯಿತು.

“ಆಟ ಎಂತ ಅಡಿಕೆಯಾ, ಸಂತೆಯಲ್ಲಿ ಇಟ್ಟು ಮಾರ್ಲಿಕ್ಕೆ?”

“ಈಗ ಮಾಡುದಾದರೂ ಎಂತ ನೀವು? ದಾನವಾ?”

ಅವರು ಶೂಗೆ ಬಿಳಿ ಬಳಿಯಲು ಕುಳಿತರು. ನೌಕರನೂ ಅಲ್ಲ, ವ್ಯಾಪಾರಿಯೂ ಅಲ್ಲ, ಧರ್ಮಕ್ಕೆ ಆಡುವವನೂ ಅಲ್ಲ. ಇಂಥವರ ಜೊತೆ ಸಂಸಾರ ಮಾಡುವುದು ಎಂದರೆ ನೆಲವಿಲ್ಲದ ಕೋಣೆಯಲ್ಲಿ ಗುಡಿಸಿದ ಹಾಗೆ.

ಮೊಣಕಾಲು ಹೋದದ್ದು ಸುಳ್ಯದಲ್ಲಿ. ಶಾಲೆಯ ಮೈದಾನು, ಮಧ್ಯಾಹ್ನದ ಬಿಸಿಲು, ಹಾರಿದವರು ಕೆಳಗೆ ಬರುವಾಗ ಕಾಲು ತಿರುಚಿ ಬಿದ್ದರು. ಕಂಪೆನಿಯ ಬಸ್ಸಿನಲ್ಲೇ ಮಲಗಿಸಿ ತಂದರು. ಧಣಿಗಳು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಪುತ್ತೂರಿನವರೆಗೆ ಬಂದಿದ್ದರು. ಮಂಗಳೂರಿನ ಆಸ್ಪತ್ರೆ, ಎಲುಬು ಕೂರಿಸುವ ಪಂಡಿತರು, ಎಣ್ಣೆ, ಕಟ್ಟು, ಎಲ್ಲ ಅವರದ್ದೇ ಖರ್ಚು. ನನ್ನ ಎದುರು ಕಣ್ಣೀರು ಹಾಕಿದರು. ನಾನೂ ಅತ್ತೆ, ನಮ್ಮವರೂ ಅತ್ತರು. ಕಾಲು ಮಾತ್ರ ಸರಿಯಾಗಲಿಲ್ಲ. ನಡೆಯಬಹುದು, ಕೋಲು ಬೇಕು, ಹಾರುವುದು ಇನ್ನು ಇಲ್ಲ ಎಂದರು ಪಂಡಿತರು.

ಆ ಮಳೆಗಾಲ ಮುಗಿಯುವಷ್ಟರಲ್ಲಿ ಧಣಿಗಳು ಬರುವುದು ಕಡಿಮೆಯಾಯಿತು. ದಿನಾ ಬರುತ್ತಿದ್ದವರು ವಾರಕ್ಕೊಮ್ಮೆ, ಮತ್ತೆ ಯಾರ ಕೈಯಲ್ಲಾದರೂ ಒಂದು ಮಾತು. ಮೀನು ನಿಂತಿತು, ಅಕ್ಕಿಯೂ ನಿಂತಿತು. ಬೇಕೆಂದೇ ನಿಲ್ಲಿಸಿದ್ದಲ್ಲ. ಕಡಬದ ಕಡೆಯಿಂದ ಒಬ್ಬ ಎಡಗೈ ಆಟಗಾರ ಸಿಕ್ಕಿದ್ದ, ಧಣಿಗಳ ಮನಸ್ಸೆಲ್ಲ ಅವನ ಮೇಲೆ. ನಮ್ಮನ್ನು ಅವರು ಮರೆತರು, ಅಷ್ಟೇ. ಸಂಬಳದವರಾಗಿದ್ದರೆ ಮರೆಯಲು ಆಗುತ್ತಿರಲಿಲ್ಲ ಎಂದು ನಾನು ನಮ್ಮವರಿಗೆ ಹೇಳಿದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ನನಗೆ ಆಗ ಆರು ತಿಂಗಳು. ಹೊಟ್ಟೆ ಹೊತ್ತುಕೊಂಡು ಬಸ್ ಆಫೀಸಿಗೆ ಹೋದೆ. ಕೂತು ಮಾಡುವ ಒಂದು ಕೆಲಸ ಸಿಕ್ಕಿದರೆ ಸಾಕು, ನಾವು ಬದುಕಿಕೊಳ್ಳುತ್ತೇವೆ ಎಂದು ಹೇಳುವುದಿತ್ತು. ಏಜೆಂಟರು ಮೊದಲು ಸಿಕ್ಕಿದರು. ಕೆಲಸದವರಿಗೆ ಪೆಟ್ಟಾದರೆ ಕಾನೂನು ಉಂಟು, ಇವರು ಕೆಲಸದವರೇ ಅಲ್ಲವಲ್ಲ ತಂಗೀ ಎಂದು ಕೈ ತಿರುಗಿಸಿದರು. ಒಳಗೆ ಹೋದೆ.

“ಧಣಿಗಳೇ, ನಮ್ಮವರು ನಿಮ್ಮ ಕಂಪೆನಿಯ ಕೆಲಸದವರಾ, ಅಲ್ಲವಾ? ಅದೊಂದು ಹೇಳಿ.”

ಧಣಿಗಳ ಮುಖ ಸಣ್ಣದಾಯಿತು. ನಿಜವಾಗಿಯೂ ಅವರಿಗೆ ನೋವಾಗಿತ್ತು.

“ಎಂತ ಮಾತು ಅಂತ ಆಡ್ತಿ ನೀನು? ಅವನನ್ನು ಕೆಲಸದವ ಅಂತ ಹೇಳಿದ್ರೆ ನನ್ನ ನಾಲಗೆ ಬಿದ್ದು ಹೋಗ್ಲಿ. ಅವ ನನಗೆ ಮಗನ ಹಾಗೆ.”

ಅಷ್ಟು ಹೇಳಿ ಅವರು ಮರದ ಲಾರಿ ನೋಡಲು ಎದ್ದು ಹೋದರು. ನನಗೆ ಮೈಯೆಲ್ಲ ಉರಿಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಪ್ರೀತಿ ಮಾಡುವವರನ್ನು ಹಿಡಿಯುವುದು ಎಲ್ಲಿ?

ಮನೆಗೆ ಬರುವ ದಾರಿಯಲ್ಲೇ ನಿಶ್ಚಯ ಮಾಡಿದೆ. ಮರುದಿನ ಬೆಳಿಗ್ಗೆ ಎತ್ತಿನ ಗಾಡಿ ತರಿಸಿ, ಟ್ರಂಕು, ಚಾಪೆ, ಹಾಸಿಗೆ, ನಮ್ಮವರು, ನಮ್ಮವರ ಕೋಲು ಎಲ್ಲ ಏರಿಸಿದೆ. ಧಣಿಗಳು ಕರೆದಿದ್ದಾರೆ ಎಂದು ಸುಳ್ಳು ಹೇಳಿದೆ. ಆ ಮಾತಿಗೆ ಎಷ್ಟು ಬೇಗ ಎದ್ದು ಅಂಗಿ ಹಾಕಿಕೊಂಡರು ಎಂದರೆ, ನನಗೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತೂ ಕೂಡ. ಚಾಪೆ ಯಾಕೆ ಎಂದು ಕೇಳಿದ್ದು ಗಾಡಿ ಬಸ್‌ಸ್ಟ್ಯಾಂಡು ದಾಟಿದ ಮೇಲೆ.

ಧಣಿಗಳು ಮನೆಯಲ್ಲಿರಲಿಲ್ಲ. ಅವರ ತಾಯಿ ಇದ್ದರು. ಊರೆಲ್ಲ ಅವರನ್ನು ಉಮ್ಮ ಎಂದೇ ಕರೆಯುತ್ತಿತ್ತು. ನಾವು ನೆಂಟರು ಎಂದುಕೊಂಡು ಉಮ್ಮ ಮಹಾ ಉಪಚಾರಕ್ಕೆ ತೊಡಗಿದರು. ಆ ಕಾಲದಲ್ಲಿ ಹಿಂದೂಗಳು ಅವರ ಮನೆಗೆ ಬಂದರೆ ಒಂದು ಕ್ರಮವಿತ್ತು. ಅಂಗಳದ ಬದಿಯಲ್ಲಿ ಮೂರು ಕಲ್ಲು ಹೂಡಿ, ಹೊಸ ಮಡಕೆ, ಅಕ್ಕಿ, ತೆಂಗಿನಕಾಯಿ, ತರಕಾರಿ ಕೊಡುತ್ತಿದ್ದರು. ಬಂದವರು ಬೇರೆಯೇ ಬೇಯಿಸಿ ಉಣ್ಣಬೇಕು. ನಮ್ಮ ಜಾತಿಗೆ ಕೊಡುವ ಮರ್ಯಾದೆ ಅದು. ಉಮ್ಮ ಕಲ್ಲು ಇರಿಸಿಯೇಬಿಟ್ಟಿದ್ದರು. ನಾನು ಆ ಅಕ್ಕಿಯ ಗೆರಸೆ ಎತ್ತಿಕೊಂಡು ನೇರ ಅವರ ಅಡುಗೆಮನೆಗೆ ಹೋಗಿ ಒಳಗಿಟ್ಟೆ.

“ಇದು ನೆಂಟರಿಗೆ ಉಮ್ಮ. ನಿಮ್ಮ ಮಗ ನಮ್ಮವರನ್ನು ಮಗ ಅಂತ ಹೇಳಿದ್ದಾರೆ. ಮನೆಯ ಮಗನಿಗೆ ಅಂಗಳದಲ್ಲಿ ಒಲೆ ಯಾಕೆ? ನಾವು ಇಲ್ಲಿಯೇ ಉಣ್ಣುದು, ಇಲ್ಲಿಯೇ ಮಲಗುದು. ಹೆರಿಗೆಯೂ ಇಲ್ಲಿಯೇ.”

ಹೊರಗೆ ನಮ್ಮವರು ನನ್ನ ಮಾತು ಕೇಳಿ, ಮಾರಾಯ್ತಿ, ಮಾರಾಯ್ತಿ ಎಂದು ಎರಡು ಸಲ ಹೇಳಿದರು. ನನ್ನ ತವರಿನವರಿಗೆ ಇದು ಗೊತ್ತಾಗಿದ್ದರೆ ನನ್ನನ್ನು ಹೊಸಿಲು ಹತ್ತಿಸುತ್ತಿರಲಿಲ್ಲ. ಉಮ್ಮ ನನ್ನ ಮುಖ ನೋಡಿದರು, ಹೊಟ್ಟೆ ನೋಡಿದರು. ಮತ್ತೆ ಮಣೆ ಹಾಕಿ ಕುಳ್ಳಿರಿಸಿ, ಒಂದು ತಟ್ಟೆಯಲ್ಲಿ ಪತ್ತಿರ್ ರೊಟ್ಟಿ, ತೆಂಗಿನ ಹಾಲು ತಂದು ಮುಂದಿಟ್ಟರು. “ಉಣ್ಣು ಮೋಳೇ,” ಎಂದರು. ಅವರ ಮಾತಿನಲ್ಲಿ ಅದು ಮಗಳೇ ಎಂದು. ನಾನು ತಿಂದೆ. ಹಸಿವಿತ್ತು.

ಮಧ್ಯಾಹ್ನ ಧಣಿಗಳು ಬಂದಾಗ ನಮ್ಮ ಟ್ರಂಕು ಜಗಲಿಯಲ್ಲಿತ್ತು, ನಮ್ಮವರು ಅದರ ಮೇಲೆ ತಲೆ ತಗ್ಗಿಸಿ ಕುಳಿತಿದ್ದರು. ಉಮ್ಮ ಬಾಗಿಲಲ್ಲಿ ನಿಂತು ಬ್ಯಾರಿ ಭಾಷೆಯಲ್ಲಿ ಮಗನಿಗೆ ಹೇಳಿದ್ದು ನನಗೆ ಅರ್ಧ ಅರ್ಥವಾಯಿತು, ಅರ್ಧ ಅವರ ಕೈಬೀಸಿನಿಂದ ತಿಳಿಯಿತು.

“ಇವ ನಿನಗೆ ಮಗ ಅಂತೆ, ಒಳ್ಳೆದಾಯ್ತು. ಉಳಿದ ಮಕ್ಕಳಿಗೆ ಬಸ್ಸು ಉಂಟು, ಡಿಪ್ಪೋ ಉಂಟು. ಇವನಿಗೆ ಎಂತ ಕೊಡ್ತಿ? ಕೊಡ್ಲಿಕ್ಕೆ ಆಗದಿದ್ರೆ ಆ ಮಾತು ಯಾಕೆ ಹೇಳಿದ್ದು?”

ಧಣಿಗಳು ನಮ್ಮವರನ್ನೇ ನೋಡಿದರು. ನಮ್ಮವರು ಒಂದು ಮಾತು ಆಡಲಿ, ನನಗೇನೂ ಬೇಡ ಧಣಿ, ಇವಳದ್ದು ಹೆಂಗಸರ ಬುದ್ಧಿ ಎಂದಾದರೂ ಹೇಳಲಿ ಎಂದು ಕಾಯುತ್ತಿದ್ದರೋ ಏನೋ. ನಮ್ಮವರು ತಲೆ ಎತ್ತಲಿಲ್ಲ. ಕೊನೆಗೆ ಧಣಿಗಳು ನನ್ನ ಕಡೆ ತಿರುಗಿ, “ನಾಳೆಯಿಂದ ಬುಕ್ಕಿಂಗ್ ಆಫೀಸಿಗೆ ಬರ್ಲಿ. ಉಳಿದವರಿಗೆ ಇದ್ದ ಸಂಬಳ ಇವನಿಗೂ,” ಎಂದು ಹೇಳಿ ಒಳಗೆ ಹೋದರು.

ಗೆದ್ದೆ ಎಂದುಕೊಂಡೆ. ಗಾಡಿಯಲ್ಲಿ ಹಿಂದೆ ಬರುವಾಗ ಇನ್ನು ಯಾರು ಕೇಳಿದರೂ ಹೇಳಲು ಒಂದು ಉತ್ತರವಿದೆ ಎಂದು ಹಗುರವಾಗಿದ್ದೆ. ನಮ್ಮವರು ಎತ್ತಿನ ಬಾಲ ನೋಡುತ್ತಿದ್ದರು. ಮರುದಿನ ಖಾಕಿ ಅಂಗಿ ಬಂತು. ನಾನೇ ಇಸ್ತ್ರಿ ಹಾಕಿ ಕೊಟ್ಟೆ. ಹೊಸ ಕೆಲಸದ ದಿನವೆಂದು ಪಾಯಸ ಮಾಡಿ ಕಾದೆ.

ಸಂಜೆ ಬಂದವರು ಕೋಲು ಮೂಲೆಗಿಟ್ಟು ಜಗಲಿಯಲ್ಲೇ ಕುಳಿತರು. ಪಾಯಸ ಬೇಡ ಎಂದರು. ಕೆಲಸ ಕಷ್ಟವಾ ಎಂದೆ. ಅಲ್ಲ ಎಂದರು. ಯಾರಾದರೂ ಎಂತಾದರೂ ಹೇಳಿದರಾ ಎಂದೆ. ಅಲ್ಲ ಎಂದರು. ನನಗೆ ತಲೆ ಕೆಟ್ಟುಹೋಯಿತು. ಹೊಟ್ಟೆಗಿಲ್ಲದಾಗಲೂ ಈ ಮುಖ, ಹೊಟ್ಟೆಗೆ ಸಿಕ್ಕಿದಾಗಲೂ ಇದೇ ಮುಖವಾ ಎಂದು ಜೋರಾಗಿಯೇ ಕೇಳಿದೆ.

“ಧಣಿಗಳು ಆಫೀಸಿಗೆ ಬಂದಿದ್ರು,” ಎಂದರು. “ಎಲ್ಲರೂ ಎದ್ದು ನಿಂತರು. ನಾನೂ ಎದ್ದು ನಿಂತೆ.”

“ಆ ಕಾಲಲ್ಲಿ ಯಾಕೆ ನಿಂತದ್ದು? ಕೂತುಕೋ ಅಂತ ಅವರೇ ಹೇಳ್ತಿದ್ರಲ್ಲ.”

“ನೋಡಿದ್ರು ಮಾರಾಯ್ತಿ. ನಾನು ಮೇಜು ಹಿಡಿದು ಏಳುದು ನೋಡಿದ್ರು. ನೋಡಿ, ಸುಳ್ಯದ ಬಸ್ಸಿಗೆ ಟೈಮಾಯ್ತು, ಬಸ್ಸು ಬಿಡಿಸು ಅಂತ ಹೇಳಿ ಹೋದ್ರು.”

ಆಮೇಲೆ ಅವರು ಖಾಕಿ ಅಂಗಿಯ ತೋಳಿನಿಂದ ಮುಖ ಮುಚ್ಚಿಕೊಂಡು ಅತ್ತರು. ಕಾಲು ಮುರಿದ ದಿನವೂ ಹೀಗೆ ಅತ್ತಿರಲಿಲ್ಲ. ನಾನು ಬಟ್ಟಲು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಧಣಿಗಳು ಹೇಳಿದ್ದರಲ್ಲಿ ತಪ್ಪೇನಿತ್ತು? ಕೆಲಸದವನಿಗೆ ಧಣಿ ಹೇಳುವ ಮಾತು ಅದು. ನಾನೇ ಹಟ ಹಿಡಿದು ಕೇಳಿ ತಂದ ಮಾತು.